ಹನ್ನೆರಡು ಅಡಿ ದಾರಿ

ನಾನು ಒಂದು ಬೆಂಕಿ ಆರಿಸುವ ಸಿಲಿಂಡರ್. ಕೆಂಪು ಬಣ್ಣ, ಮೊಳದುದ್ದದ ಮೈ, ಹೊಟ್ಟೆಯೊಳಗೆ ಒತ್ತಿ ತುಂಬಿದ ಅನಿಲ. ಕಾರ್ಖಾನೆಯಲ್ಲಿ ಒಬ್ಬ ಕೆಲಸಗಾರ ನನ್ನ ಹಿಡಿಕೆಗೆ ಪಿನ್ ಸಿಕ್ಕಿಸಿ, ತಂತಿ ಸುತ್ತಿ, ಮುದ್ರೆ ಒತ್ತಿದ. ಅಂದಿನಿಂದ ನನ್ನ ಬಾಯಿ ಬಂದ್. ನಾನು ಹುಟ್ಟಿದ್ದು ಹತ್ತು ಸೆಕೆಂಡಿನ ಕೆಲಸಕ್ಕೆ. ಅದಕ್ಕಾಗಿ ಹನ್ನೊಂದು ವರ್ಷ ಕಾದೆ.

ವಿಮಾನದ ಹಿಂಬದಿಯಲ್ಲಿ, ಚಹಾ ಕಾಯಿಸುವ ಜಾಗದ ಪಕ್ಕದ ಗೋಡೆಗೆ ನನ್ನನ್ನು ಪಟ್ಟಿಯಿಂದ ಬಿಗಿದರು. ಗಗನಸಖಿಯರು ನನ್ನ ಕೊರಳಿಗೆ ಕೈಚೀಲ ನೇತುಹಾಕಿದರು. ಆಗಾಗ ಒಬ್ಬ ಮೆಕ್ಯಾನಿಕ್ ಬಂದು, ಬಿಚ್ಚಿ, ತೂಗಿ, ಚೀಟಿ ಅಂಟಿಸಿ, ಮತ್ತೆ ಬಿಗಿದು ಹೋಗುತ್ತಿದ್ದ. ಕುಂಬಳಕಾಯಿಯನ್ನಾದರೂ ತೂಗಿದ ಮೇಲೆ ಯಾರೋ ಮನೆಗೆ ಒಯ್ಯುತ್ತಾರೆ. ನನಗೆ ಅದೇ ಗೋಡೆ.

ನಮ್ಮದು ಸೌದಿಯ ದಮ್ಮಾಮಿನಿಂದ ಮಂಗಳೂರಿಗೆ ಬರುವ ವಿಮಾನ. ಚಕ್ರ ನೆಲ ಮುಟ್ಟಿದ್ದೇ ತಡ, ಪಟಪಟನೆ ಬೆಲ್ಟು ಬಿಚ್ಚಿ ಎಲ್ಲರೂ ಎದ್ದು ನಿಲ್ಲುತ್ತಾರೆ. ವಿಮಾನ ಇನ್ನೂ ಓಡುತ್ತಿರುತ್ತದೆ. ಬಾಗಿಲು ತೆರೆಯಲು ಕಾಲು ಗಂಟೆಯಾದರೂ ಬೇಕು. ಆದರೂ ಸೀಟುಗಳ ನಡುವಿನ ದಾರಿಯಲ್ಲಿ ಬ್ಯಾಗ್ ತಬ್ಬಿಕೊಂಡು ಒಬ್ಬರ ಬೆನ್ನಿಗೆ ಒಬ್ಬರು ಅಂಟಿ ನಿಲ್ಲಲೇಬೇಕು. ಜೆಸಿಂತಾ ಎಂಬ ಗಗನಸಖಿ ಆರು ವರ್ಷದಿಂದ ಗಂಟಲು ಹರಿದುಕೊಳ್ಳುತ್ತಿದ್ದಳು.

"ಕೂತ್ಕೊಳ್ಳಿ, ಇನ್ನೂ ನಿಲ್ಲಲಿಲ್ಲ!"

"ಕೂತು ಕೂತು ಸಾಕಾಯ್ತು ಮಾರಾಯ್ತಿ," ಎಂಬುದು ಪ್ರತಿ ಸಲದ ಉತ್ತರ.

ಆ ಮಧ್ಯಾಹ್ನ ಇಪ್ಪತ್ತೆರಡನೇ ಸಾಲಿನ ಕಿಟಕಿ ಬದಿಯಲ್ಲಿ ಸಂಜೀವ ಗಟ್ಟಿ ಕೂತಿದ್ದ. ಕಟ್ಟಡದ ಕೆಲಸದಲ್ಲಿ ಮೇಲಿನಿಂದ ಬಿದ್ದು, ಎಡಗಾಲಿಗೆ ತೊಡೆಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಊರಿಗೆ ಹೊರಟವನು. ತಲೆಯ ಮೇಲಿನ ಕಪಾಟಿನಲ್ಲಿ ಅವನ ರಟ್ಟಿನ ಪೆಟ್ಟಿಗೆ. ರೂಮಿನ ಗೆಳೆಯರು ಕಟ್ಟಿಕೊಟ್ಟದ್ದು: ನಾಲ್ಕು ಸುತ್ತು ಟೇಪು, ಅದರ ಮೇಲೆ ನೈಲಾನ್ ಹಗ್ಗ, ಗಂಟಿನ ಮೇಲೆ ಗಂಟು, ಮಾರ್ಕರಿನಲ್ಲಿ ದಪ್ಪಕ್ಷರದ ಹೆಸರು. ಗಲ್ಫಿನಿಂದ ಬರುವ ಪೆಟ್ಟಿಗೆಗಳೇ ಹಾಗೆ. ಮನೆಗೆ ಹೋಗಿ ಕತ್ತಿ ತಂದರೇ ತೆರೆಯುವುದು. ಒಳಗೆ ಖರ್ಜೂರ, ಹಾಲಿನ ಪುಡಿ, ತಮ್ಮಂದಿರಿಗೆಂದು ಎರಡು ಪವರ್ ಬ್ಯಾಂಕ್.

ನೆಲ ಮುಟ್ಟಲು ಒಂದು ನಿಮಿಷವಿರುವಾಗ ಕಪಾಟಿನ ಸಂದಿಯಿಂದ ಹೊಗೆ ಬಂತು.

"ಯಾರು ಮಾರ್ರೆ ಬೀಡಿ ಎಳೆಯುವುದು?" ಎಂದು ಗೀಟಿನ ಅಂಗಿಯವನೊಬ್ಬ ಕೇಳಿದ. ನಾಲ್ಕು ಜನ ನಕ್ಕರು.

ಜೆಸಿಂತಾ ಪೈಲಟ್ಟಿಗೆ ಫೋನ್ ಮಾಡಿದಳು. ನನ್ನ ಕೊರಳಿನ ಚೀಲ ಕಿತ್ತೆಸೆದು ಪಟ್ಟಿ ಬಿಚ್ಚಿ ಹೊರಟಳು. ಅಷ್ಟರಲ್ಲಿ ಚಕ್ರ ನೆಲಕ್ಕೆ ಬಡಿಯಿತು.

ಪಟಪಟಪಟ.

ದಾರಿ ತುಂಬಿತು. ನಾವು ಇಪ್ಪತ್ತೇಳನೇ ಸಾಲಿನಲ್ಲಿದ್ದೆವು. ಐದು ಸಾಲು ಎಂದರೆ ಹನ್ನೆರಡು ಅಡಿ. ಹನ್ನೊಂದು ವರ್ಷ ನಾನು ಕಾದಿದ್ದ ಬೆಂಕಿ ಹನ್ನೆರಡು ಅಡಿ ಆಚೆಗಿತ್ತು, ಎದುರಿಗೆ ಬೆನ್ನುಗಳು.

"ಬೆಂಕಿ! ದಾರಿ ಬಿಡಿ!"

"ಬಿಡುವುದು ಎಲ್ಲಿಗೆ? ಎದುರಿನವರು ಹೋಗಲಿ," ಎಂದ ಗೀಟಿನ ಅಂಗಿಯವನು. ಎದುರಿನವರೂ ಅದನ್ನೇ ಹೇಳಿದರು. ಮುಂದೆ ಯಾರೋ ಬ್ಯಾಗಿಗೆಂದು ಆ ಕಪಾಟನ್ನೇ ತೆರೆದರು. ಜ್ವಾಲೆ ಹೊರಗೆ ನುಗ್ಗಿತು.

"ಅಕ್ಕಾ, ನನಗೆ ಏಳ್ಲಿಕ್ಕೆ ಆಗುದಿಲ್ಲ!" ಸಂಜೀವ ಕೂಗಿದ.

ಎಲ್ಲರೂ ದಾರಿಯಲ್ಲಿ ನಿಂತಿದ್ದರಿಂದ ಸೀಟುಗಳು ಖಾಲಿಯಿದ್ದವು. ಜೆಸಿಂತಾ ಶೂ ಕಳಚಿ, ನನ್ನನ್ನು ಕಂಕುಳಲ್ಲಿ ಇರುಕಿಕೊಂಡು ಸೀಟು ಹತ್ತಿದಳು. ಒಂದರ ಬೆನ್ನು ದಾಟಿ ಇನ್ನೊಂದಕ್ಕೆ.

"ಹೇ, ಕೂರುವ ಜಾಗಕ್ಕೆ ಕಾಲು ಹಾಕ್ತಾಳಲ್ಲ!" ಹಿಂದಿನಿಂದ ಯಾರೋ ಆಕ್ಷೇಪಿಸಿದರು. ಬೆಂಕಿಯ ಮೇಲೆ ಆಕ್ಷೇಪವಿರಲಿಲ್ಲ.

ಇಪ್ಪತ್ತೆರಡನೇ ಸಾಲಿನ ಸೀಟಿನ ಮೇಲೆ ನಿಂತು ಅವಳು ಪಿನ್ ಎಳೆದು ಒತ್ತಿದಳು. ನನ್ನ ಬಾಯಿ ತೆರೆಯಿತು. ಜ್ವಾಲೆ ಕುಸಿಯಿತು. ನಾನು ಹಿಗ್ಗುವಷ್ಟರಲ್ಲಿ ಪೆಟ್ಟಿಗೆಯ ಮೂಲೆಯಲ್ಲಿ ಮತ್ತೆ ಎದ್ದಿತು. ಬೇರು ಒಳಗಿನ ಪವರ್ ಬ್ಯಾಂಕಿನಲ್ಲಿತ್ತು, ನಾಲ್ಕು ಸುತ್ತು ಟೇಪು ನನ್ನನ್ನು ಹೊರಗೇ ನಿಲ್ಲಿಸಿತ್ತು. ಹತ್ತು ಸೆಕೆಂಡಿಗೆ ನಾನು ಖಾಲಿ. ಕರಗಿದ ಟೇಪು ಸಂಜೀವನ ಕಿವಿಯ ಮೇಲೆ ತೊಟ್ಟಿಕ್ಕಿತು.

"ಗಂಟು ಬಿಚ್ಚಲಿಕ್ಕೆ ಹೋಗ್ಬೇಡಿ ಅಕ್ಕ, ಅದು ಬರುದಿಲ್ಲ! ಒಡೀರಿ!"

ಅವಳು ನನ್ನನ್ನು ತಿರುಗಿಸಿ, ನನ್ನ ತಳದಿಂದಲೇ ಪೆಟ್ಟಿಗೆಗೆ ಗುದ್ದಿದಳು. ಒಂದು, ಎರಡು, ಮೂರು. ರಟ್ಟು ಒಡೆಯಿತು. "ನೀರು ಕೊಡಿ!" ಎಂದು ಅವಳು ಕೂಗಿದಾಗ ಗೀಟಿನ ಅಂಗಿಯವನೇ ಮೊದಲ ಬಾಟಲಿ ಚಾಚಿದ. ಆಮೇಲೆ ಕೈಯಿಂದ ಕೈಗೆ ಇಪ್ಪತ್ತು ಬಾಟಲಿ ಬಂದವು. ಬೆಂಕಿ ಆರಿತು. ಅನಿಲ ತುಂಬಿದ್ದಾಗ ಆಗದ ಕೆಲಸ ಖಾಲಿ ಡಬ್ಬಿಯಾದ ಮೇಲೆ ನನ್ನಿಂದ ಆಯಿತು. ಇದನ್ನು ಹೆಮ್ಮೆಯಿಂದ ಹೇಳಬೇಕೋ, ನಾಚಿಕೆಯಿಂದಲೋ ಇನ್ನೂ ತಿಳಿದಿಲ್ಲ.

ಸಂಜೀವ ಬದುಕಿದ. ಬಲಗಿವಿ ಅರ್ಧ ಹೋಯಿತು. ಜೆಸಿಂತಾಳ ಅಂಗೈ ಸುಟ್ಟು ಚರ್ಮ ಮುದುಡಿತು. ವಿಚಾರಣೆಗೆ ಬಂದವರು ನನ್ನನ್ನು ಮತ್ತೆ ತೂಗಿ, 'ತೂಕ ಕಡಿಮೆ, ತಳದಲ್ಲಿ ತಗ್ಗು, ಬಳಕೆಗೆ ಅನರ್ಹ' ಎಂದು ಬರೆದರು.

ಈಗ ನಾನು ತರಬೇತಿ ಕೊಠಡಿಯಲ್ಲಿದ್ದೇನೆ. ಅಲ್ಲಿ ವಿಮಾನದಂತೆಯೇ ಸಾಲು ಸೀಟುಗಳಿವೆ. ಜೆಸಿಂತಾ ಹೊಸಬರಿಗೆ ಕಲಿಸುತ್ತಾಳೆ. ಪುಸ್ತಕದ ಪ್ರಕಾರ ಅಭ್ಯಾಸದ ವೇಳೆ ದಾರಿ ಖಾಲಿ ಇರಬೇಕು. ಹುಡುಗಿಯರು ನನ್ನನ್ನು ಎತ್ತಿಕೊಂಡು ಸಲೀಸಾಗಿ ಓಡುತ್ತಾರೆ, ಅಂಕ ಪಡೆಯುತ್ತಾರೆ. ನನ್ನ ತಗ್ಗು ಉರಿಯುತ್ತದೆ.

ಮೊನ್ನೆ ಪಾಠ ಮುಗಿಯುವ ಮೊದಲೇ ಊಟದ ಗಂಟೆ ಹೊಡೆಯಿತು. ಮೂವತ್ತೂ ಜನ ಒಟ್ಟಿಗೆ ಎದ್ದು, ಬ್ಯಾಗ್ ಎಳೆದುಕೊಂಡು, ದಾರಿಯಲ್ಲಿ ಒಬ್ಬರ ಬೆನ್ನಿಗೆ ಒಬ್ಬರು ಅಂಟಿ ನಿಂತರು. ಬಾಗಿಲು ಇನ್ನೂ ಮುಚ್ಚಿತ್ತು.

ಹಿಂದಿನ ಸಾಲಿನಲ್ಲಿ ನಿಂತಿದ್ದ ಜೆಸಿಂತಾ ಅವರನ್ನೊಮ್ಮೆ ನೋಡಿದಳು. ಕೂಗಲಿಲ್ಲ. ಶೂ ಕಳಚಿದಳು, ನನ್ನನ್ನು ಕಂಕುಳಲ್ಲಿ ಇರುಕಿಕೊಂಡು ಸೀಟಿನ ಮೇಲೆ ಕಾಲಿಟ್ಟಳು.