ಎರಡು ಕ್ಯಾನು ಬ್ಲೀಚು

ಅಮ್ಮ ಹೋದ ಒಂಬತ್ತನೆಯ ದಿನ ನಮ್ಮ ತೊಟ್ಟಿಯೂ ಸತ್ತಿತು. ಎರಡಕ್ಕೂ ನನಗೆ ಅಳು ಬರಲಿಲ್ಲ.

ಬೆಟ್ಟದ ಮೇಲಿನ ನೂರಿಪ್ಪತ್ತು ಮನೆಗಳ ಕೊಳಚೆ ನೀರೆಲ್ಲ ಇಳಿದು ಬರುವುದು ನಾನು ನಡೆಸುವ ಶುದ್ಧೀಕರಣ ಘಟಕಕ್ಕೆ. ಊರವರು ನನ್ನನ್ನು ಮೋರಿ ಮೇಡಂ ಎನ್ನುತ್ತಾರೆ. ಅನ್ನಲಿ, ಅವರು ಬೆಳಿಗ್ಗೆ ಎದ್ದು ಮಾಡುವ ಮೊದಲ ಕೆಲಸ ನನ್ನ ಹತ್ತಿರವೇ ಬರಬೇಕು. ನಿಜವಾಗಿ ದುಡಿಯುವುದು ನಾನಲ್ಲ, ತೊಟ್ಟಿಯಲ್ಲಿರುವ ಕಣ್ಣಿಗೆ ಕಾಣದ ಜೀವಾಣುಗಳು. ಗಾಳಿ ಊದುತ್ತಿದ್ದರೆ ಸಾಕು, ಊರಿನ ಕೊಳೆಯನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುತ್ತವೆ. ಚೆನ್ನಾಗಿರುವಾಗ ತೊಟ್ಟಿ ಕಂದು ಬಣ್ಣಕ್ಕಿದ್ದು ಒದ್ದೆ ಮಣ್ಣಿನ ವಾಸನೆ ಬರುತ್ತದೆ. ಆ ದಿನ ಬೂದಿ ಬಣ್ಣಕ್ಕೆ ತಿರುಗಿ ಬಿಳಿ ನೊರೆ ಎದ್ದಿತ್ತು. ವಾಸನೆ ಮಾತ್ರ ಗೊತ್ತಾಗಲಿಲ್ಲ. ಅಮ್ಮ ಹೋದಂದಿನಿಂದ ನನ್ನ ಮೂಗಿಗೆ ಏನೂ ಹತ್ತುತ್ತಿರಲಿಲ್ಲ.

ನೀರು ಹೊರಗೆ ಹೋಗುವ ಗೇಟನ್ನು ಕೂಡಲೇ ಮುಚ್ಚಿದೆ. ಕೆಳಗಿನ ಹಳ್ಳಿಯವರು ಕುಡಿಯುವ ತೊರೆಗೇ ನಮ್ಮ ನೀರು ಸೇರುವುದು. ಕಾಯ್ದಿಡುವ ಹೊಂಡ ಮೂರು ದಿನಕ್ಕೆ ತುಂಬುತ್ತದೆ. ಅಷ್ಟರೊಳಗೆ ಬೇರೆ ತೊಟ್ಟಿಯಿಂದ ಜೀವವಿರುವ ಕೆಸರು ತಂದು ಹಾಕಬೇಕು, ಪಕ್ಕದ ಮನೆಯಿಂದ ಮೊಸರಿಗೆ ಹೆಪ್ಪು ತರುವ ಹಾಗೆ. ನಮಗೆ ಪಕ್ಕದ ಮನೆಯೆಂದರೆ ಕಣಿವೆಯ ಪಟ್ಟಣದ ಘಟಕ. ಅದನ್ನು ನಡೆಸುವವನು ನನ್ನ ಅಣ್ಣ.

ಅಮ್ಮ ಎಂಟು ತಿಂಗಳು ಹಾಸಿಗೆ ಹಿಡಿದಿದ್ದಾಗ ಅವನು ಇತ್ತ ತಲೆ ಹಾಕಿಯೂ ಮಲಗಲಿಲ್ಲ. ಅಮ್ಮ ಹೋದ ದಿನ ಬಂದ, ಎರಡು ಗಂಟೆ ನಿಂತ, ಗೂಟದಲ್ಲಿದ್ದ ಅಮ್ಮನ ಶಾಲನ್ನು ಹೆಗಲಿಗೆ ಹಾಕಿಕೊಂಡು ಹೊರಟ. ಇನ್ನು ಇವನ ಮುಖ ನೋಡುವುದಿಲ್ಲ ಎಂದುಕೊಂಡಿದ್ದೆ. ಆದರೂ ಫೋನ್ ಮಾಡಿದೆ. ಸಿಟ್ಟು ಮಾಡಲೂ ಮೈಯಲ್ಲಿ ಶಕ್ತಿ ಬೇಕಲ್ಲ.

“ತೊಟ್ಟಿ ಸತ್ತೋಗಿದೆ. ಒಂದು ಟ್ಯಾಂಕರ್ ಕೆಸರು ಬೇಕು.”

“ಯಾರೇನು ಸುರಿದ್ರು?”

ಊರಿನ ಲಾಡ್ಜಿನವರು ಏನೋ ಸುರಿದರು ಎಂದುಬಿಡಬಹುದಿತ್ತು. ಸುಳ್ಳು ಹೇಳುವುದಕ್ಕೂ ಬೇಸರವಾಯಿತು.

“ನಾನೇ. ಬ್ಲೀಚು. ನಿನ್ನೆ ಅಮ್ಮನ ರೂಮು ತೊಳೆದೆ.”

“ಎಷ್ಟು?”

“ಘಟಕದ ಸ್ಟೋರಿಂದ ಎರಡು ಕ್ಯಾನು ತಗೊಂಡುಹೋಗಿದ್ದೆ, ದೊಡ್ಡವು. ವಾಸನೆ ಹೋಯ್ತೋ ಇಲ್ವೋ ಗೊತ್ತಾಗ್ಲಿಲ್ಲ. ಸುರೀತಾನೇ ಹೋದೆ.”

ಬಚ್ಚಲಿಗೆ ಬ್ಲೀಚು ಸುರಿಯಬೇಡಿ, ತೊಟ್ಟಿಯ ಜೀವಾಣುಗಳು ಸಾಯುತ್ತವೆ ಎಂದು ಹದಿನೆಂಟು ವರ್ಷ ಮನೆಮನೆಗೆ ಹೇಳಿಕೊಂಡು ಬಂದವಳು ನಾನು. ಅವನು ನಗಬಹುದಿತ್ತು, ನಗಲಿಲ್ಲ.

“ಅಮ್ಮನ ಬಟ್ಟೆನೂ ತೊಳೆದ್ಯಾ?”

“ಎಲ್ಲಾನೂ.”

“ನಾಳೆ ತರ್ತೀನಿ,” ಎಂದು ಫೋನ್ ಇಟ್ಟ.

ಮರುದಿನ ಮಧ್ಯಾಹ್ನ ಟ್ಯಾಂಕರನ್ನು ಅವನೇ ಓಡಿಸಿಕೊಂಡು ಬಂದ. ಹೆಗಲ ಮೇಲೆ ಅದೇ ಶಾಲು. ಇಬ್ಬರೂ ಪೈಪು ಎಳೆದು ಜೋಡಿಸಿದೆವು. ಕೆಸರು ಇಳಿದು ನೀರಿನಲ್ಲಿ ಬೆರೆತ ಮೇಲೆ ಅದನ್ನು ಒಂದು ಲೀಟರಿನ ಗಾಜಿನ ಜಾಡಿಯಲ್ಲಿ ತುಂಬಿಕೊಂಡೆ. ಅರ್ಧ ಗಂಟೆ ಅಲ್ಲಾಡಿಸದೆ ಬಿಟ್ಟು ಕೆಸರು ಎಷ್ಟು ಕೆಳಗೆ ಕೂರುತ್ತದೆ ಎಂದು ನೋಡಬೇಕು; ಮೇಲಿನ ನೀರು ತಿಳಿಯಾದರೆ ಕೆಸರಿಗೆ ಜೀವವಿದೆ ಎಂದರ್ಥ. ಜಾಡಿಯನ್ನು ನಡುವೆ ಇಟ್ಟು ತೊಟ್ಟಿಯ ಕಟ್ಟೆಯ ಮೇಲೆ ಕೂತೆವು.

“ಅವಳನ್ನ ಹಾಗೆ ನೋಡಕ್ಕೆ ಧೈರ್ಯ ಬರ್ಲಿಲ್ಲ ಕಣೇ,” ಅಂದ.

“ಧೈರ್ಯ ನಂಗೂ ಇರ್ಲಿಲ್ಲ.”

ಅವನು ತಲೆ ತಗ್ಗಿಸಿದ. ಕ್ಷಮಿಸಿದೆ ಎಂದು ನನಗೆ ಅನ್ನಿಸಲಿಲ್ಲ. ಏನೂ ಅನ್ನಿಸಲಿಲ್ಲ.

ಜಾಡಿ ನೋಡಲು ಅವನು ಬಗ್ಗಿದಾಗ ಶಾಲಿನ ಅಂಚು ನನ್ನ ಮುಖಕ್ಕೆ ತಾಗಿತು. ನೋವಿನ ಎಣ್ಣೆ, ಹಳೆಯ ಬೆವರು, ಅಮ್ಮನ ಕೂದಲು. ಹತ್ತು ದಿನಗಳಲ್ಲಿ ನನ್ನ ಮೂಗಿಗೆ ಹತ್ತಿದ ಮೊದಲ ವಾಸನೆ.

“ಇದನ್ನ ತೊಳೆದಿಲ್ವಾ?”

“ಇಲ್ಲ.”

“ತೊಳೀಬೇಡ.”

ಅರ್ಧ ಗಂಟೆ ಆಯಿತು. ಕೆಸರು ಕೆಳಗೆ ಕೂತು ಮೇಲಿನ ನೀರು ತಿಳಿಯಾಗಿತ್ತಂತೆ. ನಾನು ನೋಡಲಿಲ್ಲ, ಅವನ ಹೆಗಲ ಶಾಲಿಗೆ ಮುಖ ಒತ್ತಿಕೊಂಡು ಕೂತಿದ್ದೆ. ಎಷ್ಟಕ್ಕೆ ಕೂತಿದೆ ಎಂದು ಅಣ್ಣನೇ ಅಲುಗಾಡದೆ, ಕತ್ತು ಮಾತ್ರ ತಿರುಗಿಸಿ ನೋಡಿ ಹೇಳಿದ.