ಸೇತುವೆಯವರೆಗೆ ಮಾತ್ರ

ಮುಂದಿನ ವ್ಯಾನಿನಿಂದ ಕಾರಿಗೆ ಕಟ್ಟಿದ ಹಗ್ಗ ಸಡಿಲಾಗಿ ರಸ್ತೆಗೆ ತಾಗಿತು, ಈಗ ಬಿಗಿಯುತ್ತದೆ, ಎಳೆತ ಬರುತ್ತದೆ, ಹಲ್ಲು ಕಚ್ಚಿಕೋ — ಬಂತು, ಕತ್ತು ಹಿಂದಕ್ಕೆ ಹೋಗಿ ಮುಂದಕ್ಕೆ ಬಂತು, ಮೆಲ್ಲಗೆ ಹೋಗೋ ತಮ್ಮಾ, ಮಗುವಿನ ಕೈ ಹಿಡಿದು ನಡೆಯುವವನ ಹಾಗೆ ಹೋಗು, ಅಷ್ಟು ಹೇಳಿದ್ದಾಳಲ್ಲ ಮಗಳು. ಆಸ್ಪತ್ರೆಯ ಗೇಟಿನ ನಡುವೆಯೇ ಅವಳ ಕಾರು ಉಸಿರು ಬಿಟ್ಟಿತ್ತು, ದೀಪವಿಲ್ಲ, ಹಾರನ್ನಿಲ್ಲ, ಬ್ಯಾಟರಿ ಪೂರ್ತಿ ಸತ್ತಿತ್ತು, ಕಾವಲುಗಾರ ಕೋಲು ಕುಟ್ಟುತ್ತ ಅಜ್ಜೀ, ಇದೇನು ನಿಮ್ಮನೆ ಅಂಗಳಾನಾ, ಆಂಬುಲೆನ್ಸ್ ನನ್ನ ತಲೆ ಮೇಲೆ ಹೋಗ್ಬೇಕಾ ಅಂದ, ಮಗಳಿಗೆ ಕೆಲಸದ ಹೊತ್ತಾಗಿತ್ತು, ಆಸ್ಪತ್ರೆಗೆ ಬರುವ ಫೋನನ್ನೆಲ್ಲ ಎತ್ತುವವಳೇ ಅವಳು, ಜೊತೆಯವಳು ಗಾಲಿಕುರ್ಚಿ ತಂದು ಕೂರಿಸಿಕೊಂಡು ತಳ್ಳುತ್ತಿದ್ದರೂ ಹಿಂತಿರುಗಿ ಹಿಂತಿರುಗಿ ಹೇಳಿದಳು, ಅಮ್ಮಾ, ಇದು ನಿಮ್ಮ ಲಾಂಡ್ರಿ ವ್ಯಾನಲ್ಲ, ತಾನೇ ಗೇರು ಹಾಕ್ಕೊಳ್ಳೋ ಕಾರು, ಎಂಜಿನ್ ಓಡ್ದಿದ್ರೆ ಗೇರ್‌ಬಾಕ್ಸಿಗೆ ಎಣ್ಣೆ ಹೋಗಲ್ಲ, ಮುಂದಿನ ಚಕ್ರ ತಿರುಗ್ತಾ ಇದ್ರೆ ಒಳಗೆಲ್ಲ ಒಣಗಿ ಸುಟ್ಟು ಹೋಗುತ್ತೆ, ಸೇತುವೆವರೆಗೆ ಮಾತ್ರ, ನಡಿಗೆ ಸ್ಪೀಡಲ್ಲಿ, ಅಲ್ಲಿ ಪಕ್ಕಕ್ಕೆ ಹಾಕಿ ಕಾಯಿರಿ, ಎತ್ಕೊಂಡು ಹೋಗೋ ಲಾರಿ ಸಂಜೆ ಬರುತ್ತೆ. ವ್ಯಾನು ತಂದು ನಿಲ್ಲಿಸಿದ್ದ ನನ್ನ ತಮ್ಮ ನಕ್ಕ, ಆಯ್ತು ಮಹಾರಾಣಿ, ನೀನು ಹುಟ್ಟೋಕೆ ಮುಂಚೆನೇ ನಾವಿಬ್ರೂ ವ್ಯಾನ್ ಎಳೆದೋರು, ನ್ಯೂಟ್ರಲ್ ಅಂದ್ರೆ ನ್ಯೂಟ್ರಲ್ಲೇ. ಅವಳು ನಗಲಿಲ್ಲ, ಮಾವಾ, ಈ ಕಾರು ಹೋದ್ರೆ ಮತ್ತೆ ನನ್ನ ಹೊತ್ಕೊಂಡು ತಿರುಗೋನು ನೀನೇ, ನಿನ್ನ ಸೊಂಟ ನೋಡ್ಕೋ ಅಂದಳು, ಅಂದು ಒಳಗೆ ಹೋದಳು, ಹೊರಳುವಾಗ ಅವಳ ಮುಖ —

ಆ ಮುಖ ನನಗೆ ಗೊತ್ತು, ಚಿಕ್ಕವಳಿದ್ದಾಗ ವ್ಯಾನಿನ ಹಿಂದೆ ಒಗೆದ ಬಟ್ಟೆಯ ಗಂಟುಗಳ ನಡುವೆ ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದೆವು, ಇವನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತಿಸುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು, ಯಾಕೆ ಮಗಳೇ, ಬೀಳ್ತೀನಿ ಅಂತ ಭಯಾನಾ, ಇಲ್ಲಮ್ಮ, ನೋಡೋರು ಕಾಣಬಾರ್ದು ಅಂತ. ಈ ಕಾರು ಬಂದ ದಿನ ಬ್ರೇಕಿಗೂ ವೇಗಕ್ಕೂ ಕಾಲಿನ ಬದಲು ಕೈಯಲ್ಲೇ ಒತ್ತುವ ಕೈಹಿಡಿ ಜೋಡಿಸಿಕೊಟ್ಟರು, ಮುಂದಕ್ಕೆ ಒತ್ತಿದರೆ ಬ್ರೇಕು, ತನ್ನ ಕಡೆಗೆ ಎಳೆದರೆ ಓಟ, ಒಬ್ಬಳೇ ಕೂತು ಬೀದಿಯ ಕೊನೆವರೆಗೆ ಹೋಗಿ ಬಂದಳು, ಬಂದವಳು ಇಳಿಯಲೇ ಇಲ್ಲ, ಊಟವನ್ನೂ ಕಾರಿಗೇ ತರಿಸಿಕೊಂಡಳು ಕತ್ತೆ. ಇದು ಸುಟ್ಟರೆ ಇನ್ನೊಂದು ಬರುವುದಿಲ್ಲ, ನನಗೂ ಅವಳನ್ನು ಎತ್ತುವ ಕೈಯಿಲ್ಲ, ಮನೆಯ ಕಿಟಕಿ, ಕಿಟಕಿಯ ಹಿಂದೆ ಕುರ್ಚಿ, ಕುರ್ಚಿಯ ಮೇಲೆ ಅವಳು — ಬೇಡ, ಅದನ್ನು ಯೋಚಿಸಬೇಡ, ಎದುರಿಗೆ ನೋಡು, ಸ್ಟೀರಿಂಗ್ ಕಲ್ಲಿನ ಹಾಗಿದೆ, ಸೇತುವೆ ಬಂತು, ದೇವರೇ, ಬಂತು, ಇನ್ನು ಎಡಕ್ಕೆ ತಿರುಗಿಸುತ್ತಾನೆ.

ಎಡಕ್ಕೆ ಜಲ್ಲಿ ಸುರಿದಿದ್ದಾರೆ, ಜಾಗವಿಲ್ಲ, ಸ್ವಲ್ಪ ಮುಂದೆ ನಿಲ್ಲಿಸುತ್ತಾನೆ, ಈ ಮರ ದಾಟಿ, ಆ ಟೈರಿನ ಅಂಗಡಿ ದಾಟಿ, ಎಲ್ಲಿ ನಿಲ್ಲಿಸುತ್ತಾನೆ, ಕೈ ಹೊರಗೆ ಚಾಚಿ ಬಲಕ್ಕೆ ತಿರುಗಿಸಿದ, ಹೆದ್ದಾರಿಗೇ ಏರಿಸಿದ, ಅಯ್ಯೋ ಪಾಪಿ, ಗ್ಯಾರೇಜಿಗೇ ಎಳೆದುಕೊಂಡು ಹೋಗುತ್ತಿದ್ದಾನೆ, ಸಂಜೆವರೆಗೆ ಯಾರಕ್ಕಾ ಕಾಯ್ತಾರೆ ಅಂತ ಆಗಲೇ ಗೊಣಗಿದ್ದ. ಫೋನು ಮಾಡು, ಮಡಿಲಲ್ಲಿದೆ, ಒಂದಲ್ಲ ಎರಡಿವೆ, ಇನ್ನೊಂದು ಅವನದೇ, ಬಗ್ಗಿ ಹಗ್ಗ ಕಟ್ಟುವಾಗ ಜೇಬಿನಿಂದ ಬೀಳುತ್ತೆ ಹಿಡ್ಕೋ ಅಂತ ಕೊಟ್ಟವನು ವಾಪಸು ಕೇಳಲೂ ಇಲ್ಲ, ನಾನು ಕೊಡಲೂ ಇಲ್ಲ, ಮುದಿಗೂಬೆಗಳು ನಾವು. ಹಾರನ್ ಒತ್ತು, ಒತ್ತಿದೆ, ಬರೀ ಪ್ಲಾಸ್ಟಿಕ್ಕಿನ ಸದ್ದು. ದೀಪ ಮಿನುಗಿಸು, ಅದೇ ನಮ್ಮ ಸಂಕೇತ, ಹಿಂದಿನ ಗಾಡಿಯ ದೀಪ ಮಿನುಗಿದರೆ ಮುಂದಿನವನು ನಿಲ್ಲಿಸಬೇಕು, ಎಷ್ಟು ಸಲ ಹಾಗೆ ವ್ಯಾನನ್ನು ಎಳೆದು ತಂದಿದ್ದೇವೆ — ದೀಪ ಎಲ್ಲಿದೆ ಈಗ. ಹಗ್ಗ ಸಡಿಲ, ಹಗ್ಗ ಬಿಗಿ. ಬಟ್ಟೆ, ಹಿಂದಿನ ಸೀಟಿನಲ್ಲಿ ಅವಳ ಬಿಳಿ ಟವೆಲಿದೆ, ಕೈಗೆ ಸಿಕ್ಕಿತು, ಮೊದಲೇ ತೆರೆದಿದ್ದ ಕಿಟಕಿಯಿಂದ ಆಚೆ ಚಾಚಿ ಬೀಸಿದೆ, ಜೋರಾಗಿ ಬೀಸಿದೆ, ನೋಡೋ, ಕನ್ನಡಿಯಲ್ಲಿ ನೋಡೋ, ನೋಡಿದ, ನೋಡಿಬಿಟ್ಟ! ಅವನೂ ಕೈ ಆಚೆ ಹಾಕಿ ಬೀಸಿದ, ವ್ಯಾನಿನ ಹೊಗೆ ದಪ್ಪಗಾಯಿತು, ವೇಗ ಏರಿತು, ಯಾಕೆ ಏರಿತು, ಯಾಕೋ — ಓ, ಬಟ್ಟೆ. ಬಟ್ಟೆ ಬೀಸಿದರೆ ಹಗ್ಗ ಗಟ್ಟಿಯಿದೆ, ಹೊಡಿ ಅಂತ. ನಾನೇ ಮಾಡಿದ ಸಂಕೇತ, ನಾನೇ ಅವನಿಗೆ ಕಲಿಸಿದ್ದು, ಗಿರಾಕಿಗಳು ಬಾಗಿಲಲ್ಲಿ ಕಾಯುತ್ತಿದ್ದ ದಿನಗಳಲ್ಲಿ ಬಿಳಿ ದುಪ್ಪಡಿಯ ತುದಿ ಆಚೆ ಹಾಕಿ ಹೊಡಿ ಹೊಡಿ ಅಂದವಳೇ ನಾನು. ಈಗ ಹೊಡೆಯುತ್ತಿದ್ದಾನೆ, ಅಕ್ಕನ ಮಾತು ಮೀರದ ತಮ್ಮ.

ವಾಸನೆ. ಇಲ್ಲ, ವ್ಯಾನಿನ ಹೊಗೆ ಅದು. ಅಲ್ಲ, ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಮರೆತರೆ ಮೊದಲು ಬರುತ್ತದಲ್ಲ, ಕಂದು ಬಣ್ಣಕ್ಕೆ ತಿರುಗುವ ಮುಂಚೆ, ಆ ವಾಸನೆ, ಕಾಲ ಕೆಳಗಿನಿಂದ, ಸಣ್ಣಗೆ ಕೊಯ್ಯುವ ಸದ್ದೂ ಇದೆ, ಒಣ ಹಲ್ಲುಗಳು ಒಣ ಹಲ್ಲುಗಳನ್ನು ಅಗಿಯುತ್ತಿವೆ. ಎಡಗಾಲು ಕ್ಲಚ್ಚನ್ನು ಹುಡುಕುತ್ತಿದೆ, ಕ್ಲಚ್ಚೆಲ್ಲಿದೆ ಇದರಲ್ಲಿ, ಸುಮ್ಮನಿರು ಕಾಲೇ. ಬ್ರೇಕನ್ನು ಮೆಲ್ಲಗೆ ಒತ್ತಿ ನೋಡುತ್ತೇನೆ, ಭಾರ ಹೆಚ್ಚಾದರೆ ಅವನಿಗೆ ತಿಳಿಯುತ್ತದೆ, ಒತ್ತಿದೆ, ತಿಳಿಯಿತು ಅವನಿಗೆ, ಏರು ಬಂತು ಅಂದುಕೊಂಡ, ಗೇರು ಇಳಿಸಿ ಇನ್ನೂ ಜೋರಾಗಿ ಎಳೆದ. ಮೆಲ್ಲಗೆ ಒತ್ತಿದಷ್ಟೂ ಅವನು ಎಳೆಯುತ್ತಾನೆ, ಅವನು ಎಳೆದಷ್ಟೂ ಅದು ಸುಡುತ್ತದೆ. ಪೂರ್ತಿ ಒತ್ತಬೇಕು. ಒತ್ತಿದರೆ ಹಗ್ಗ ಹರಿದು ಗಾಜಿಗೇ ಬಡಿಯಬಹುದು, ಹಿಂದೆ ದೊಡ್ಡ ಲಾರಿಯೊಂದು ಬರುತ್ತಿದೆ, ಅದು ನಿಲ್ಲದಿದ್ದರೆ, ನಿಲ್ಲದಿದ್ದರೆ ನಾನು, ಆಗಲಿ, ನಾನು ತಾನೆ, ಲಾರಿ ದಾಟಿಕೊಂಡು ಹೋಗಲಿ, ಹೋಗು, ಬೇಗ ಹೋಗು, ಹೋಯಿತು — ಈಗ, ಕಾಲು ಪೆಡಲಿನ ಮೇಲೆ, ಎಡಗೈ ಕೈಹಿಡಿಯ ಮೇಲೆ, ಎಂಜಿನ್ ಇಲ್ಲದ ಬ್ರೇಕು ಗೋಡೆಯ ಹಾಗಿದೆ, ಗೋಡೆಯನ್ನು ತಳ್ಳು, ಎಷ್ಟು ಒದ್ದೆ ಜಮಖಾನ ಹಿಂಡಿದ ಕೈಗಳಿವು, ತಳ್ಳು, ಟೈರು ಕಿರುಚುತ್ತಿದೆ, ಹಗ್ಗ ಸೆಟೆದು ನಡುಗುತ್ತಿದೆ, ಒಂದು ಎಳೆ ಬಿಚ್ಚಿಕೊಂಡಿತು, ಇನ್ನೊಂದು, ತಳ್ಳು —

ನಿಂತಿತು. ಚಕ್ರ ತಿರುಗುತ್ತಿಲ್ಲ. ಅಗಿಯುವ ಸದ್ದಿಲ್ಲ. ಕೈ ಕೈಹಿಡಿಯನ್ನು ಬಿಡುತ್ತಿಲ್ಲ, ಬಿಡು, ಬಿಡುತ್ತಿಲ್ಲ. ವ್ಯಾನು ಹೋಗುತ್ತಲೇ ಇದೆ, ಹಗುರಾದದ್ದು ಅವನಿಗಿನ್ನೂ ತಿಳಿದಿಲ್ಲ, ಹರಿದ ಹಗ್ಗದ ತುದಿ ಅದರ ಹಿಂದೆ ರಸ್ತೆಯ ಮೇಲೆ ಕುಣಿಯುತ್ತ ಹೋಗುತ್ತಿದೆ. ಸುಟ್ಟಿತೋ ಉಳಿಯಿತೋ, ಯಾರನ್ನು ಕೇಳಲಿ, ಎಂಜಿನ್ ಓಡುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ, ವಾಸನೆ ಇದೆ, ಕಡಿಮೆಯಾಯಿತೇ, ಇಲ್ಲ, ಇದೆ. ಮಡಿಲಲ್ಲಿ ಫೋನು ಬಡಿದುಕೊಳ್ಳುತ್ತಿದೆ, ನನ್ನದು, ಅವಳೇ, ಎತ್ತಿದೆ, ಅಮ್ಮಾ, ಯಾಕಿಷ್ಟು ಏದುಸಿರು, ನಿಲ್ಲಿಸಿದ್ರಾ, ನಿಲ್ಲಿಸಿದೆ ಮಗಳೇ, ಈಗಷ್ಟೇ ನಿಲ್ಲಿಸಿದೆ, ಅಬ್ಬ, ಸೇತುವೆ ಹತ್ರಾನೇ ತಾನೇ, ಅಮ್ಮಾ, ಸೇತುವೆ ಹತ್ರಾನೇ ತಾನೇ — ಹಗ್ಗದ ತುದಿ ಕುಣಿಯುತ್ತಿದೆ, ಅಮ್ಮಾ, ಕೇಳಿಸ್ತಿದೆಯಾ, ಚಿಕ್ಕದಾಗುತ್ತ ಕುಣಿಯುತ್ತಿದೆ, ಹಗ್ಗದ ತುದಿ, ಹಗ್ಗದ ತುದಿ