ಎಣ್ಣಿ ಹೊಡಿಯೋರು

“ಲೇ ಎಣ್ಣಿ ಹೊಡಿಯೋನ, ನಿಮ್ಮೌನ್, ಕಣ್ಣು ಕುಂಡಿಗಿ ಅದಾವೇನಲೇ? ಕಾರ್ಪೆಟ್ ಮ್ಯಾಲ ಕಾಲಿಡ್ತಿ? ಸರಿ ಆ ಕಡಿಗಿ!”

ಸರ್ಕಾರಿ ಕಚೇರಿಯ ಮ್ಯಾನೇಜರ್ ಚಿದಾನಂದಪ್ಪನ ಬೂಟು ಎರ್ರಿಸ್ವಾಮಿಯ ಮೊಣಕಾಲಿನ ಕೆಳಗೆ ಬಿತ್ತು. ಬೆನ್ನ ಮೇಲೆ ಪಂಪು ಹೊತ್ತಿದ್ದವನು ಗೋಡೆ ಹಿಡಿದು ಹೇಗೋ ನಿಂತುಕೊಂಡ. ಬಿದ್ದಿದ್ದರೆ ಕಾರ್ಪೆಟ್ಟು ಹಾಳಾಯಿತೆಂದು ಇನ್ನೊಂದು ಒದೆ ಬೀಳುತ್ತಿತ್ತು. ಅದು ಹಿಂದೆ ಕೊಡ ಹಿಡಿದು ನಿಂತಿದ್ದ ಅವನ ಹೆಂಡತಿ ಸಾವಂತ್ರಮ್ಮನಿಗೂ ಗೊತ್ತಿತ್ತು.

ಇಬ್ಬರೂ ಕುರುಗೋಡಿನ ಕೇರಿಯವರು. ಮೊದಲು ಸಿರುಗುಪ್ಪ ಸುತ್ತಿನ ಹತ್ತಿ, ಮೆಣಸಿನಕಾಯಿ ಹೊಲಗಳಿಗೆ ಎಣ್ಣೆ ಹೊಡೆಯುತ್ತಿದ್ದರು. ಈ ಸೀಮೆಯಲ್ಲಿ ಹುಳಕ್ಕೆ ಹೊಡೆಯುವ ವಿಷವನ್ನು ವಿಷ ಅನ್ನುವವರಿಲ್ಲ, ಎಣ್ಣಿ ಅಂತಲೇ ಅನ್ನುತ್ತಾರೆ. ಬಳ್ಳಾರಿ ಸತ್ಯನಾರಾಯಣಪೇಟೆಯ ಶಶಿಕಾಂತ್ ಸರ್ಕಾರಿ ಕಟ್ಟಡಗಳ ಹುಳಹುಪ್ಪಡಿ ಕೊಲ್ಲುವ ಗುತ್ತಿಗೆ ಹಿಡಿದಾಗ ಇವರನ್ನು ಹೊಲದಿಂದ ಎಬ್ಬಿಸಿಕೊಂಡು ಬಂದ. ಹಾಸ್ಟೆಲ್ಲಿನ ತಿಗಣೆ, ಗೋದಾಮಿನ ಇಲಿ, ಆಫೀಸಿನ ಗೆದ್ದಲು, ಎಲ್ಲಕ್ಕೂ ಅವನ ಬಳಿ ಇದ್ದದ್ದು ಒಂದೇ ಮದ್ದು, ಅದೇ ಹತ್ತಿ ಹೊಲದ ಎಣ್ಣೆ. ಅಂಗಡಿಯ ಬೋರ್ಡಿನ ಮೇಲೆ ಮಾತ್ರ ಇಂಗ್ಲಿಷಿನಲ್ಲಿ ಏನೇನೋ ಬರೆಸಿದ್ದ. ಮಾಸ್ಕು, ಕನ್ನಡಕ, ಕೈಗವಸು ತೊಟ್ಟ ಕೆಂಪು ಕೆನ್ನೆಯ ಹುಡುಗನೊಬ್ಬನ ಚಿತ್ರವೂ ಅದರಲ್ಲಿತ್ತು.

ಮಾಸ್ಕು ಶಶಿಕಾಂತನ ಬಳಿಯೂ ಒಂದಿತ್ತು, ಇಲ್ಲ ಅನ್ನುವ ಹಾಗಿಲ್ಲ. ಹೊಸ ಕಟ್ಟಡಕ್ಕೆ ಹೋದಾಗಲೆಲ್ಲ ಕಾರಿನ ಡಿಕ್ಕಿಯಿಂದ ಅದನ್ನು ತೆಗೆದು ಎರ್ರಿಸ್ವಾಮಿಗೆ ತೊಡಿಸಿ, ಫೋಟೊ ಹೊಡೆದುಕೊಂಡು, ಮತ್ತೆ ಬಿಚ್ಚಿಸಿ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಡಿಕ್ಕಿಗೆ ಸೇರಿಸುತ್ತಿದ್ದ. ಸಿರುಗುಪ್ಪದ ಈ ಕಚೇರಿಯ ಅಂಗಳದಲ್ಲೂ ಅವತ್ತು ಹಾಗೇ ಆಯಿತು.

“ಫೋಟೊ ಆತಲ್ಲ, ಬಿಚ್ಚಲೇ ಜಲ್ದಿ. ಎಂಜಲ ಆಗ್ತೈತಿ,” ಎಂದ ಶಶಿಕಾಂತ್.

ಚಿದಾನಂದಪ್ಪನ ಸಿಟ್ಟಿಗೆ ಕಾರಣ ಒಂದು ಜಿರಳೆ. ಹಿಂದಿನ ಮೀಟಿಂಗಿನಲ್ಲಿ ಬಳ್ಳಾರಿಯ ದೊಡ್ಡ ಸಾಹೇಬರು ಫೈಲು ಬಿಚ್ಚಿದಾಗ ಒಳಗಿಂದ ಅದು ಹೊರಟು, ಸಾಹೇಬರ ಅಂಗಿಯ ತೋಳೊಳಗೆ ನುಗ್ಗಿತ್ತು. ಅಷ್ಟೂ ಜನರ ಎದುರು ಸಾಹೇಬರು ಕುಣಿದಾಡಿದ್ದರು. ಕುಣಿದ ಮೇಲೆ ಚಿದಾನಂದಪ್ಪನಿಗೆ ಬೈದಿದ್ದರು. ಮೇಲಿನವರು ಉಗುಳಿದ್ದನ್ನು ಒರೆಸಿಕೊಳ್ಳಲು ಕೆಳಗಿನವರ ಮುಖ ಬೇಕಲ್ಲ. ಮರುದಿನ ಆ ಸಾಹೇಬರು ಮತ್ತೆ ಬರುವವರಿದ್ದರು.

ಚಿದಾನಂದಪ್ಪ ಎಣ್ಣೆ ಬೆರೆಸಿದ್ದ ಕೊಡದೊಳಗೆ ಬಗ್ಗಿ ನೋಡಿದ. “ಇದೇನಲೇ, ಮಜ್ಜಿಗಿ ಮಾಡೀಯೇನು? ಇನ್ನ ನೀರು ಬೆರಸಬ್ಯಾಡ, ಎರಡರಷ್ಟು ಎಣ್ಣಿ ಹಾಕು. ನಾಳಿ ಒಂದ ಒಂದು ಜಿರಳಿ ಕಂಡ್ರೂ ನಿನ್ನ ಬಾಯಾಗ ತುರುಕ್ತೀನಿ.”

“ಸಾಹೇಬ್ರ, ಅಷ್ಟು ಹಾಕಿದ್ರ ಉಸುರು ಹಿಡೀತೈತ್ರಿ,” ಎಂದ ಎರ್ರಿಸ್ವಾಮಿ. “ಪಂಪು ಬ್ಯಾರೆ ಸೋರತೈತ್ರಿ, ಬೆನ್ನೆಲ್ಲಾ ಹಸಿ. ರೆಕಾರ್ಡ್ ರೂಮಿನ ಖಿಡಕಿನರ ತೆಗಸ್ರಿ.”

“ಖಿಡಕಿ ತೆಗದ್ರ ವಾಸ್ನಿ ನನ್ನ ಚೇಂಬರಿಗೆ ಬರ್ತೈತಿ. ನನಗ ಬಿಪಿ ಐತಿ. ನಿಮ್ಮ ಮಂದಿಗೆ ಇದೆಲ್ಲಾ ರೂಢಿ ಇರ್ತೈತಿ, ಒಳಗ ನಡಿ. ಬಾಗ್ಲ ಹಾಕ್ಕೊಂಡು ಹೊಡಿ.”

ಎರ್ರಿಸ್ವಾಮಿ ಶಶಿಕಾಂತನ ಕಡೆ ನೋಡಿದ. ಶಶಿಕಾಂತ್ ಫೋನಿನಲ್ಲಿ ಯಾರಿಗೋ ತೆಲುಗಿನಲ್ಲಿ “ಸರೇ ಸರೇ” ಅನ್ನುತ್ತ, ಒಳಗೆ ಹೋಗು ಎಂದು ಕೈಸನ್ನೆ ಮಾಡಿದ. ಆಮೇಲೆ ಊಟಕ್ಕೆಂದು ಕಾರು ಹತ್ತಿ ಹೋದ.

ಎರ್ರಿಸ್ವಾಮಿ ಕೊಡಕ್ಕೆ ಇನ್ನಷ್ಟು ಎಣ್ಣೆ ಸುರಿದು ಪಂಪಿಗೆ ತುಂಬಿಕೊಂಡ. ಸಾವಂತ್ರಮ್ಮ ಗಂಡನ ಮೂಗಿಗೆ ಟವೆಲ್ಲು ಬಿಗಿದು ಕಟ್ಟಿದಳು. “ಸೊಲ್ಪ ಹೊಡದು ಹೊರಗ ಬಂದುಬಿಡು, ಕೇಳಿದೇನು? ಅವನ ಮಾತು ಕಟಗೊಂಡು ಸಾಯಬ್ಯಾಡ.”

“ಎಷ್ಟು ಹೊಲಕ್ಕ ಹೊಡದಿಲ್ಲ ನಾನು? ಹೋಗು, ಕೈಕಾಲು ತೊಳಿಯಾಕ ನೀರು ತಾ,” ಎಂದು ಅವನು ಒಳಗೆ ಹೋದ.

ನೀರಿನ ಫಿಲ್ಟರು ವರಾಂಡದಲ್ಲೇ ಇತ್ತು. ಅದರ ನಲ್ಲಿ ಮುಟ್ಟಬಾರದು, ಸಂಡಾಸಿನ ಹಿಂದಿನ ನಲ್ಲಿಗೆ ಹೋಗಬೇಕು ಎಂದು ಜವಾನ ಗಾದಿಲಿಂಗಪ್ಪ ಬಂದ ಕೂಡಲೇ ಹೇಳಿದ್ದ. ಅಲ್ಲಿ ನೀರು ಬರುತ್ತಿದ್ದದ್ದು ಮುದುಕನ ಉಚ್ಚೆಯ ಹಾಗೆ, ಹನಿ ಹನಿ. ಕೊಡ ತೊಳೆದು ತುಂಬಿಸಿ ಹೊತ್ತು ತರುವಷ್ಟರಲ್ಲಿ ರೆಕಾರ್ಡ್ ರೂಮಿನ ಬಾಗಿಲಿಗೆ ಹೊರಗಿನಿಂದ ಚಿಲಕ ಬಿದ್ದಿತ್ತು. ಕೆಳಗಿನ ಸಂದಿಗೆ ಒದ್ದೆ ಗೋಣಿಚೀಲ ತುರುಕಿತ್ತು.

“ಗಾದಿಲಿಂಗಣ್ಣ! ಚಿಲಕ ಯಾಕ ಹಾಕೀರಿ? ನನ್ನ ಗಂಡ ಒಳಗದಾನ!”

“ವಾಸ್ನಿ ಬರಾಕತ್ತಿತ್ತವ್ವ. ಸಾಹೇಬ್ರು ಹಾಕಂದ್ರು, ಹಾಕೀನಿ,” ಎಂದು ಅವನು ಮುಖ ಆ ಕಡೆ ತಿರುಗಿಸಿದ.

ಅವಳು ಚಿಲಕಕ್ಕೆ ಕೈ ಹಾಕುವಷ್ಟರಲ್ಲಿ ಚೇಂಬರಿನಿಂದ ಚಿದಾನಂದಪ್ಪ ಕೂಗಿದ. “ಏ ಹೆಂಗಸ! ಬಾಗ್ಲಿಗೆ ಕೈ ಹಚ್ಚೀ, ಕೈ ಕಡೀತೀನಿ. ಇಲ್ಲಿ ಬಾ. ಕಪಾಟಿನ ಹಿಂದ ಇಲಿ ಸತ್ತು ನಾರಾಕತ್ತೈತಿ. ಮೊದಲು ಅದನ್ನ ತೆಗಿ.”

ಅವಳು ಹೋದಳು. ಯಾಕೆ ಹೋದಳೋ! ಹೋಗದಿದ್ದರೆ ನಾಳೆಯಿಂದ ಕೆಲಸವಿಲ್ಲ, ಇಬ್ಬರಿಗೂ ಇಲ್ಲ. ಚೇಂಬರಿನಲ್ಲಿ ಚಿದಾನಂದಪ್ಪನೂ ಇಬ್ಬರು ಗುಮಾಸ್ತರೂ ಬುತ್ತಿ ಬಿಚ್ಚಿ ಕುಳಿತಿದ್ದರು. ಅವಳು ನೆಲಕ್ಕೆ ಮುಖ ಹಚ್ಚಿ ಕಪಾಟಿನಡಿ ಕೈ ತೂರಿಸಿದಳು. ಆಗ ಗೋಡೆಯಾಚೆಯಿಂದ ಸದ್ದು ಬಂತು. ಧಡ್, ಧಡ್, ಧಡ್.

“ಸಾಹೇಬ್ರ, ಬಾಗ್ಲ ಬಡಿಯಾಕತ್ಯಾನ್ರಿ! ಚಿಲಕ ತೆಗಸ್ರಿ!”

“ಬಡೀಲಿ ಬಿಡು,” ಎಂದ ಚಿದಾನಂದಪ್ಪ ರೊಟ್ಟಿ ಮುರಿಯುತ್ತ. “ಜಿರಳಿ ಬಡಿಯಾಕತ್ತಿರಬೇಕು.”

ಗುಮಾಸ್ತರು ನಕ್ಕರು. ಸದ್ದು ಜೋರಾಯಿತು. ಏನೋ ದೊಡ್ಡದು ಉರುಳಿ ಬಿತ್ತು. ಆಮೇಲೆ ಉಗುರಿನಿಂದ ಕೆರೆದಂಥ ಸದ್ದು, ಆಮೇಲೆ ಅದೂ ಇಲ್ಲ.

“ನೋಡು, ನಿಂತಿತು. ಜಿರಳಿ ಖಾಲಿ ಆದ್ವು.”

ಸಾವಂತ್ರಮ್ಮ ಕೊಳೆತ ಇಲಿಯನ್ನು ಅವನ ಬುತ್ತಿಯ ಪಕ್ಕಕ್ಕೆ ಎಸೆದು ಓಡಿದಳು. ಅಡ್ಡ ಬಂದ ಗಾದಿಲಿಂಗಪ್ಪನ ಎದೆಗೆ ಗುದ್ದಿ ಚಿಲಕ ಎಳೆದಳು. ಬಾಗಿಲು ಅರ್ಧ ತೆರೆಯಿತು, ಇನ್ನರ್ಧಕ್ಕೆ ಎರ್ರಿಸ್ವಾಮಿಯೇ ಅಡ್ಡ ಬಿದ್ದಿದ್ದ. ಬಾಯಲ್ಲಿ ನೊರೆ, ಮೂಗಲ್ಲಿ ನೀರು, ಮೈಯೆಲ್ಲ ಬೆವರು. ಉಟ್ಟ ಪ್ಯಾಂಟಿನಲ್ಲೇ ಎಲ್ಲ ಆಗಿತ್ತು. ತೊಡೆಯ ಮಾಂಸ ಹಾವು ಹೊಕ್ಕಂತೆ ಅದುರುತ್ತಿತ್ತು. ಬೆನ್ನಿಗೆ ಅಂಟಿದ ಪಂಪಿನಿಂದ ಇನ್ನೂ ಎಣ್ಣೆ ಸೋರುತ್ತಿತ್ತು.

ಅವಳು ತಂದಿಟ್ಟ ಕೊಡದ ನೀರನ್ನೆಲ್ಲ ಅವನ ಮೇಲೆ ಸುರಿದಳು. ಅದು ಸಾಲಲಿಲ್ಲ. ಫಿಲ್ಟರಿನ ಕಡೆ ಓಡಿದರೆ ಗುಮಾಸ್ತನೊಬ್ಬ ಅಡ್ಡ ನಿಂತ. “ಅದು ಕುಡಿಯೋ ನೀರು, ಹೇಲು ತೊಳಿಯೋ ನೀರಲ್ಲ!” ಅವಳು ಅವನ ಕೈ ಕಚ್ಚಿದಳು. ಅವನು ಅವಳ ಜುಟ್ಟು ಹಿಡಿದು ಗೋಡೆಗೆ ಬಡಿದ.

ಊಟ ಮುಗಿಸಿ ಬಂದ ಶಶಿಕಾಂತ್ ಕಾರಿನ ಬಾಗಿಲು ತೆಗೆಯಲಿಲ್ಲ. ಸೀಟು ಹೊಲಸಾಗುತ್ತದಲ್ಲ. ರಸ್ತೆಯಲ್ಲಿ ಭತ್ತದ ಚೀಲ ಇಳಿಸುತ್ತಿದ್ದ ಗೂಡ್ಸ್ ಆಟೋದ ಜಡೆಪ್ಪನೇ ಕೂಗು ಕೇಳಿ ಒಳಗೆ ಬಂದು, ಎರ್ರಿಸ್ವಾಮಿಯನ್ನು ಹೆಗಲಿಗೆ ಹಾಕಿಕೊಂಡು ಗಾಡಿಯಲ್ಲಿ ಮಲಗಿಸಿದ. ಶಶಿಕಾಂತ್ ಕಾರಿನಲ್ಲಿ ಹಿಂದೆ ಬಂದ.

ದವಾಖಾನೆಯಲ್ಲಿದ್ದ ಡಾಕ್ಟರು ಎಳೆಯ ವಯಸ್ಸಿನವನು, ಮೈಸೂರು ಕಡೆಯವನು, ಬಂದು ತಿಂಗಳಾಗಿರಲಿಲ್ಲ. ಸ್ಟ್ರೆಚರಿನ ಮೇಲಿದ್ದವನ ಪ್ಯಾಂಟು ನೋಡಿ, ಕುರ್ಚಿಯಿಂದ ಏಳದೆ ಕರ್ಚೀಫು ಮೂಗಿಗೆ ಹಿಡಿದ.

“ಏನಮ್ಮ, ಏನಾಯ್ತು?”

“ಎಣ್ಣಿ ಹೊಡದಾನ್ರಿ ಸಾಹೇಬ್ರ!”

“ಅದು ಕಾಣಿಸ್ತಾ ಇದೆ. ಯಾವಾಗಿಂದ ಹೊಡೀತಾ ಇದಾನೆ?”

“ಮುಂಜಾನಿಂದ ಹೊಡದಾನ್ರಿ. ಇವತ್ತು ಎಣ್ಣಿ ಭಾಳ ದಪ್ಪ ಇತ್ರಿ, ಒಂದೀಟೂ ನೀರು ಬೆರಸಾಕ ಬಿಡ್ಲಿಲ್ರಿ.”

“ನೀರೂ ಬೆರೆಸ್ದೇನಾ? ಭೇಷ್. ದಿನಾ ಹೊಡೀತಾನಾ?”

“ದಿನಾ ಹೊಡಿಬೇಕ್ರಿ, ಅದ ನಮ್ಮ ಹೊಟ್ಟಿಪಾಡು. ನಾನೂ ಹೊಡೀತೀನ್ರಿ.”

ಡಾಕ್ಟರು ನರ್ಸಿನ ಮುಖ ನೋಡಿ ನಕ್ಕ. “ಗಂಡ ಹೆಂಡತಿ ಇಬ್ರೂ! ಹೊಟ್ಟೆಪಾಡಂತೆ. ವರಾಂಡದಲ್ಲಿ ಮಲಗ್ಸಿ, ಒಂದು ಗ್ಲೂಕೋಸ್ ಹಾಕಿ. ನಶೆ ಇಳಿದ ಮೇಲೆ ಎದ್ದು ಹೋಗ್ತಾನೆ.”

ಅವಳಿಗೆ ಕೇಳಿಸಿದ್ದು ಗ್ಲೂಕೋಸ್ ಅನ್ನುವುದೊಂದೇ. ಶಶಿಕಾಂತನಿಗೆ ಮಾತ್ರ ಪ್ರತಿ ಮಾತೂ ಕೇಳಿಸಿತ್ತು. ಅವನು ಬಾಗಿಲ ಚೌಕಟ್ಟಿಗೆ ಒರಗಿ ಹಲ್ಲಿಗೆ ಕಡ್ಡಿಯಾಡಿಸುತ್ತ ನಿಂತಿದ್ದ. ಬಾಯಿ ಬಿಡಲಿಲ್ಲ.

ವರಾಂಡದಲ್ಲಿ ಸಾವಂತ್ರಮ್ಮ ಗಂಡನ ಪಾದ ತಿಕ್ಕುತ್ತ ಕುಳಿತಳು. ಅವನ ಗಂಟಲಲ್ಲಿ ಗೊರಗೊರ ಅನ್ನುತ್ತಿತ್ತು. ಕೆಮ್ಮಿದಾಗೆಲ್ಲ ನೊರೆ ಉಕ್ಕುತ್ತಿತ್ತು. ಅವಳು ಸೆರಗಿನಿಂದ ಒರೆಸುತ್ತಿದ್ದಳು. ನೆಲ ಒರೆಸಲು ಬಂದ ಆಯಾ ಮೀನಾ ಗೊಣಗಿದಳು. “ಕುಡಿಯೋದು ಇವರು, ಬಳಿಯೋದು ನಾವು. ಹಗಲೊತ್ತಿನಾಗ ಇಷ್ಟು ಕುಡೀತಾರೇನಬೇ?”

“ಯಾರು ಕುಡದಾರ?”

“ನಿನ್ನ ಗಂಡನ ಮತ್ತ. ನೀನ ಹೇಳ್ದೆಲ್ಲ, ಮುಂಜಾನಿಂದ ಎಣ್ಣಿ ಹೊಡದಾನಂತ.”

ಸಾವಂತ್ರಮ್ಮನ ಕೈ ಗಂಡನ ಪಾದದ ಮೇಲೆ ನಿಂತುಬಿಟ್ಟಿತು. ತಾನು ಒಳಗೆ ಏನು ಹೇಳಿದೆ, ಡಾಕ್ಟರು ಯಾಕೆ ನಕ್ಕ, ಎಲ್ಲ ಒಮ್ಮೆಲೇ ತಲೆಗೆ ಹತ್ತಿತು.

“ಯವ್ವಾ! ಕುಡಿಯೋ ಎಣ್ಣಿ ಅಲ್ಲಬೇ, ಹುಳದೆಣ್ಣಿ! ಹೊಲದೆಣ್ಣಿ! ಡಾಕ್ಟ್ರ!”

ಅವಳು ಕಿರುಚುತ್ತ ಒಳಗೆ ನುಗ್ಗಿದಳು. ಶಶಿಕಾಂತ್ ಅವಳ ರಟ್ಟೆ ಹಿಡಿದು ಕಪಾಳಕ್ಕೆ ಬಾರಿಸಿದ. “ಬಾಯಿ ಮುಚ್ಚಲೇ ಬಾಡ್ಕೋ! ಕಂಪನಿ ಮುಳುಗಸ್ತೀಯೇನು?” ಅವಳು ಬಿದ್ದಲ್ಲಿಂದಲೇ ಕೂಗಿದಳು. ಡಾಕ್ಟರು ಓಡಿ ಬಂದ. ಈ ಸಲ ಕರ್ಚೀಫು ಇರಲಿಲ್ಲ. ಬಗ್ಗಿದ, ಕಣ್ಣೆವೆ ಬಿಡಿಸಿದ, ಇಂಜಕ್ಷನ್ನು ತನ್ನಿ ಎಂದು ಅರಚಿದ, ಎದೆ ಒತ್ತಿದ. ಎರ್ರಿಸ್ವಾಮಿಯ ಗೊರಗೊರ ಸದ್ದು ಅಷ್ಟರಲ್ಲಿ ನಿಂತುಹೋಗಿತ್ತು.

ಆಮೇಲೆ ಶಶಿಕಾಂತನೂ ಡಾಕ್ಟರೂ ಬಾಗಿಲು ಹಾಕಿಕೊಂಡು ಮಾತಾಡಿದರು. ಹೊರಗೆ ಬಂದಾಗ ಸತ್ತವನು ಕುಡುಕನಾಗಿಯೇ ಉಳಿದಿದ್ದ. ಹೆಣ ಕೊಯ್ಯುವುದು ಬೇಡ, ಪೊಲೀಸರು ಬೇಡ.

“ಆದದ್ದಾತು ಸಾವಂತ್ರವ್ವ,” ಎಂದ ಶಶಿಕಾಂತ್, ದನಿಯಲ್ಲಿ ಈಗ ಬೆಣ್ಣೆ. “ಕುಡುಕ್ರ ಹಣೆಬಾರ. ಹೊತ್ತು ಮುಳುಗೋದ್ರಾಗ ಕುರುಗೋಡಿಗೆ ಒಯ್ದು ಮಣ್ಣು ಮಾಡ್ರಿ. ನಾನು ಆಫೀಸಿಗೆ ಹೋಗಿ ಸಾಹೇಬ್ರಿಗೆ ತಿಳಸ್ತೀನಿ.”

ಅವಳು ಅಳಲಿಲ್ಲ. ಮದುವೆಯಾದಾಗಿನಿಂದ ಗಂಡನ ಬಾಯಲ್ಲಿ ಹೆಂಡದ ಹನಿ ಬಿದ್ದದ್ದನ್ನು ಅವಳು ಕಂಡಿರಲಿಲ್ಲ. ಹಬ್ಬದಲ್ಲಿ ಗೆಳೆಯರು ಕರೆದರೆ, ನಾನು ದಿನಾ ಎಣ್ಣಿಯಾಗ ಇರಾಂವ, ಮತ್ತ್ಯಾಕಲೇ ನನಗ ಅಂತ ನಗುತ್ತಿದ್ದವನು. ಕೊಂದದ್ದು ಸಾಲದೆ ಅವನನ್ನು ಕುಡುಕನನ್ನಾಗಿ ಮಾಡಿ ಕಳಿಸುತ್ತಿದ್ದಾರೆ. ಅದಕ್ಕೆ ತನ್ನ ನಾಲಿಗೆಯೇ ಸಾಕ್ಷಿ.

ಹೆಣ ಹೊತ್ತ ಜಡೆಪ್ಪನ ಗಾಡಿ ಹೊರಟು ಸ್ವಲ್ಪ ದೂರ ಬಂದ ಮೇಲೆ ಅವಳು ಹಿಂದಿನಿಂದ ತಗಡು ಬಡಿದಳು. “ಜಡೆಪ್ಪಣ್ಣ, ಗಾಡಿ ತಿರುವು. ಆಫೀಸಿಗೆ ನಡಿ.”

ಜಡೆಪ್ಪ ಒಮ್ಮೆ ಕನ್ನಡಿಯಲ್ಲಿ ಅವಳ ಮುಖ ನೋಡಿದ. ಗಾಡಿ ತಿರುಗಿಸಿದ.

ಕಚೇರಿ ಬಿಡುವ ಹೊತ್ತು. ಚಿದಾನಂದಪ್ಪ ಮೆಟ್ಟಿಲ ಮೇಲೆ ಶಶಿಕಾಂತನ ಜೊತೆ ನಿಂತಿದ್ದ. ಹಣೆಯ ವಿಭೂತಿ ಬೆವರಿಗೆ ಕರಗಿರಲಿಲ್ಲ. ಗಾಡಿ ಗೇಟಿನೊಳಗೆ ಬಂದದ್ದು ಕಂಡು ಕೂಗಿದ. “ಏಯ್! ಕುಡುಕನ ಹೆಣ ಸರ್ಕಾರಿ ಆಫೀಸಿಗೆ ತರ್ತೀರೇನಲೇ? ಒದ್ದು ಹೊರಗ ಹಾಕ್ರಿ!”

ಜಡೆಪ್ಪ ಹಿಂದಿನ ಹಲಗೆ ಇಳಿಸಿದ. ಹೆಣದ ತಲೆ ಅಂಚಿಗೆ ಬಂತು. ಸಾವಂತ್ರಮ್ಮ ಇಳಿದು ನೇರ ಚಿದಾನಂದಪ್ಪನ ಮುಂದೆ ಹೋಗಿ ನಿಂತಳು.

“ಕುಡದಿದ್ನೇನ್ರಿ ನನ್ನ ಗಂಡ?”

“ಕುಡದಿದ್ದ! ನಾ ಸುಳ್ಳ ಹೇಳ್ತೀನಾ? ಗಬ್ಬಂತ ವಾಸ್ನಿ ಹೊಡೀತಿತ್ತು. ನಾನ ಮೂಸೀನಿ.”

“ನೀ ಮೂಸಿ?”

“ಹೂಂ, ಈ ಮೂಗಿಲೆ!”

“ಹಂಗಾರ ಇನ್ನೊಮ್ಮಿ ಮೂಸು ಬಾ.”

ಚಿದಾನಂದಪ್ಪನ ಕೊರಳಲ್ಲಿ ಆಫೀಸಿನ ಗುರುತಿನ ಚೀಟಿ ನೇತಾಡುತ್ತಿತ್ತು. ಅದರ ನೀಲಿ ಪಟ್ಟಿಗೆ ಅವಳ ಕೈ ಬಿತ್ತು. ಮುಷ್ಟಿಗೆ ಎರಡು ಸುತ್ತು ಸುತ್ತಿ ಎಳೆದಳು. ಅವನು ಮೆಟ್ಟಿಲು ಜಾರಿ ಮೊಣಕಾಲೂರಿ ಬಿದ್ದ. ಹೋರಿ ಎಳೆದಂತೆ ಎಳೆದುಕೊಂಡೇ ಹೋದಳು. ಅವನು ಅವಳ ಹೊಟ್ಟೆಗೆ ಗುದ್ದಿದ, ಉಗುರಿನಿಂದ ಕೈ ಪರಚಿದ. ರಕ್ತ ಬಂತು, ಹಿಡಿತ ಸಡಿಲವಾಗಲಿಲ್ಲ. ಮುನ್ನುಗ್ಗಿದ ಶಶಿಕಾಂತನ ಭುಜಕ್ಕೆ ಜಡೆಪ್ಪ ಜಾಕಿಯ ರಾಡಿನಿಂದ ಒಂದು ಬಿಟ್ಟ. ಎಲುಬು ಲಟಕ್ಕೆಂದಿತು. ಗುಮಾಸ್ತರು ನಿಂತಲ್ಲೇ ನಿಂತರು. “ಗಾದಿಲಿಂಗ, ಬಿಡಸಲೇ!” ಎಂದು ಚಿದಾನಂದಪ್ಪ ಕೂಗಿದ. ಗಾದಿಲಿಂಗಪ್ಪ ಕೈಕಟ್ಟಿ ನೆಲ ನೋಡಿದ.

ಅವಳು ಅವನ ತಲೆಯನ್ನು ಗಾಡಿಯ ಅಂಚಿಗೆ ಒತ್ತಿ, ಮೂಗನ್ನು ಎರ್ರಿಸ್ವಾಮಿಯ ತೆರೆದ ಬಾಯೊಳಕ್ಕೆ ತುರುಕಿದಳು.

“ಮೂಸು! ಯಾವ ಎಣ್ಣಿ? ಹೇಳು ಮಂದಿಗೆ, ಯಾವ ಎಣ್ಣಿ?”

“ಬಿಡವ್ವ... ತಪ್ಪಾತು...”

“ತಪ್ಪು ಬ್ಯಾಡ ನನಗ. ಎಣ್ಣಿ ಯಾವುದು, ಅದನ್ನ ಹೇಳು.”

ಹೆಣದ ನೊರೆ ಅವನ ಮೀಸೆಗೆ, ವಿಭೂತಿಗೆ ಬಳಿಯಿತು. ಅವನು ಓಕರಿಸಿದ. ರಸ್ತೆಯ ಜನ ಗೇಟಿನೊಳಗೆ ತುಂಬಿಕೊಂಡರು. ದೂರದಲ್ಲಿ ಪೊಲೀಸ್ ಜೀಪಿನ ಸದ್ದು ಕೇಳಿತು. ಚಿದಾನಂದಪ್ಪ ಉಸಿರಿಗಾಗಿ ತಲೆ ಎತ್ತಲು ನೋಡಿದ. ಅವಳು ಕತ್ತಿನ ಮೇಲೆ ಮೊಣಕೈ ಊರಿ ಮತ್ತೆ ಒಳಕ್ಕೆ ಒತ್ತಿದಳು.